ಮಗನನ್ನು ಹುಡುಕಿದ ಭಾನುವಾರ



ಹದಿಹರೆಯದ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುವ ಬಗ್ಗೆ ಏನಾದರೂ ಬರೆದುಕೊಡಿ ಎಂದು ಫಾದರ್ ಕೇಳಿದಾಗ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಬರೆಯುವಂಥದ್ದು ನಮ್ಮ ಮನೆಯಲ್ಲಿ ಏನಿದೆ? ನಮ್ಮ ಮಕ್ಕಳು ದಿನವೂ ಮೊಣಕಾಲೂರಿ ಜಪಸರ ಹೇಳುತ್ತಾರೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹಾಗೆಂದು ಹೇಳಿದೆವು. "ಹಾಗಾದರೆ ಇದ್ದದ್ದನ್ನೇ ಬರೆಯಿರಿ" ಎಂದರು ಫಾದರ್. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಒಂದು ತಪ್ಪಿನ ಸಂಗತಿ. ಆ ತಪ್ಪು ಮಗನದೆಂದೇ ನಾವು ಬಹಳ ದಿನ ತಿಳಿದಿದ್ದೆವು.

ನಾವಿರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ. ಮಳೆ ಕಡಿಮೆಯ ಸೀಮೆ ಇದು. ಬೇಸಿಗೆ ಬಂತೆಂದರೆ ಟ್ಯಾಂಕರ್ ದಾರಿ ಕಾಯುವುದೇ ಒಂದು ಕೆಲಸ. 1948ರವರೆಗೆ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಆಮೇಲೆ ರಾಜ್ಯಗಳ ಗಡಿ ಎಳೆದಾಗ ಕನ್ನಡ ಮಾತಾಡುವ ನಮ್ಮ ಹಳ್ಳಿಗಳು ಮಹಾರಾಷ್ಟ್ರದಲ್ಲಿ ಉಳಿದವು. ಇವುಗಳಲ್ಲಿ ಹಲವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರ ಮಹಾಜನ ವರದಿ ಹೇಳಿತ್ತು. 2022ರ ಕೊನೆಯಲ್ಲಿ ಆ ಮಾತು ಮತ್ತೊಮ್ಮೆ ಟಿವಿಯಲ್ಲಿ ಗದ್ದಲ ಮಾಡಿ ತಣ್ಣಗಾಯಿತು. ನಮ್ಮ ದಿನಗಳು ಮಾತ್ರ ಇದ್ದ ಹಾಗೇ ನಡೆದಿವೆ. ಅಡುಗೆಮನೆ, ಹೊಲ, ಸಂತೆ ಎಲ್ಲ ಕನ್ನಡ. ರೇಷನ್ ಕಾರ್ಡು, ಕಚೇರಿ, ಎಸ್‌ಟಿ ಬಸ್ಸಿನ ಬೋರ್ಡು ಎಲ್ಲ ಮರಾಠಿ.

ನಮ್ಮ ಊರಿನಲ್ಲಿ ಕಥೋಲಿಕರ ಮನೆಗಳನ್ನು ಕೈಬೆರಳಲ್ಲಿ ಎಣಿಸಬಹುದು. ದೇವಾಲಯವಿಲ್ಲ. ಫಾದರ್ ತಿಂಗಳಿಗೊಮ್ಮೆ ಬರುತ್ತಾರೆ, ಯಾರಾದರೊಬ್ಬರ ಮನೆಯ ಪಡಸಾಲೆಯಲ್ಲಿ ಬಲಿಪೂಜೆ ನಡೆಯುತ್ತದೆ. ಹಬ್ಬಗಳಿಗೆ ನಾವೇ ಬಸ್ಸು ಹತ್ತಿ ದೂರದ ದೇವಾಲಯಕ್ಕೆ ಹೋಗುತ್ತೇವೆ. ನಗರದ ಧರ್ಮಕೇಂದ್ರಗಳಲ್ಲಿರುವ ಓದುಗರಿಗೆ ಇದು ವಿಚಿತ್ರವೆನಿಸಬಹುದು. ನಿಮ್ಮ ಮಗ ಬಲಿಪೂಜೆಗೆ ಬಾರದಿದ್ದರೆ ನೂರು ಜನರ ನಡುವೆ ಅದು ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಒಬ್ಬ ಬಾರದಿದ್ದರೆ ಒಂದು ಚಾಪೆಯೇ ಖಾಲಿ ಕಾಣುತ್ತದೆ.

ನಮ್ಮಿಬ್ಬರಲ್ಲಿ ಒಬ್ಬರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತೇವೆ. ಹೀಗಿದ್ದೂ ಮಗನನ್ನು ಒಂದನೇ ತರಗತಿಯಿಂದಲೇ ಮರಾಠಿ ಶಾಲೆಗೆ ಹಾಕಿದೆವು. ಮುಂದೆ ಹೈಸ್ಕೂಲು, ಕಾಲೇಜು, ನೌಕರಿ ಎಲ್ಲಕ್ಕೂ ಮರಾಠಿ ಬೇಕು, ನಡುವೆ ಕನ್ನಡದಿಂದ ಅದಕ್ಕೆ ಹೊರಳಿದ ಮಕ್ಕಳು ಹೇಗೆ ತಡವರಿಸುತ್ತಾರೆಂಬುದನ್ನು ಕಂಡಿದ್ದೆವು. ಆ ನಿರ್ಧಾರ ತಪ್ಪೆಂದು ಈಗಲೂ ಅನ್ನಲಾರೆವು. ಆದರೆ ಊರ ಮಕ್ಕಳಿಗೆಲ್ಲ ಕಾಗುಣಿತ ತಿದ್ದಿಸಿದ ಕೈಯಿಂದ ನಮ್ಮ ಮಗನಿಗೆ ಸರಿಯಾಗಿ ತಿದ್ದಿಸಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅಕ್ಷರಮಾಲೆ ಮುಗಿಸಿ, ಉಳಿದದ್ದು ತಾನಾಗಿ ಬರುತ್ತದೆಂದು ಬಿಟ್ಟೆವು. ಪ್ರಾರ್ಥನೆಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಆಯಿಯ ತೊಡೆಯ ಮೇಲೆ ಕೂತು ಕಲಿತ ಪ್ರಾರ್ಥನೆಗಳು ಅವು. ಅಷ್ಟು ಸಾಕಲ್ಲವೇ ಎಂದುಕೊಂಡಿದ್ದೆವು.

ಹದಿನಾಲ್ಕು ತುಂಬಿದ ಮೇಲೆ ಹುಡುಗ ಬದಲಾದ. ಮಾತು ಕಡಿಮೆಯಾಯಿತು. ರಾತ್ರಿ ಎಂಟಕ್ಕೆ ಜಪಸರ ಶುರುವಾಗುವಾಗ ಅವನಿಗೆ ಸರಿಯಾಗಿ ಗಣಿತದ ಲೆಕ್ಕ ನೆನಪಾಗುತ್ತಿತ್ತು. ಇಡೀ ತರಗತಿಯಲ್ಲಿ ತಾನೊಬ್ಬನೇ ಕ್ರೈಸ್ತ ಎಂದು ಒಮ್ಮೆ ಹೇಳಿದ. "ಅದಕ್ಕೇ ನೀನು ಸಾಕ್ಷಿಯಾಗಬೇಕು" ಎಂದು ನಾವು ದೊಡ್ಡ ಉತ್ತರ ಕೊಟ್ಟೆವು. ಅವನು ಸುಮ್ಮನಾದ. ಅವನು ಕೇಳಿದ್ದು ಉತ್ತರವನ್ನಲ್ಲ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುವವರನ್ನು ಎಂದು ಈಗ ಅನಿಸುತ್ತದೆ. ನಮಗೆ ಆಗ ಕಂಡ ಶತ್ರು ಒಂದೇ, ಮೊಬೈಲು. ಪ್ರಾರ್ಥನೆಗೆ ಬಾರದ ದಿನ ಮೊಬೈಲು ಕಸಿದು ಟ್ರಂಕಿನಲ್ಲಿಟ್ಟು ಬೀಗ ಹಾಕುವುದೆಂದು ನಿಯಮ ಮಾಡಿದೆವು. ಮರಿಯಮ್ಮನವರ ಜಪಸರವನ್ನು ಹೀಗೆ ದಂಡದ ಲೆಕ್ಕಕ್ಕೆ ಸೇರಿಸಿದವರು ನಾವೇ.

2024ರ ಸೆಪ್ಟೆಂಬರ್ ತಿಂಗಳ ಬಲಿಪೂಜೆಯಲ್ಲಿ ಮೊದಲ ವಾಚನ ಓದಲು ಅವನ ಸರದಿ ಬಂತು. ಅಂದಿನ ವಾಚನ ಪ್ರವಾದಿ ಯೆಶಾಯನ ಗ್ರಂಥದ್ದು. ಅವನು ನಿಂತು, ಪುಸ್ತಕ ಹಿಡಿದು, ಬೆರಳಿಟ್ಟು ಓದತೊಡಗಿದ. ಮೊದಲ ಸಾಲಿಗೇ "ಪ್ರವಾಸಿ ಯೆಶಾಯ" ಎಂದ. ಮರಾಠಿಯಲ್ಲಿ ಓದುವ ಹುಡುಗನಿಗೆ ದಿನಾ ಬಸ್ಸಿನಲ್ಲಿ ಕಾಣುವ ಶಬ್ದ ಅದು. ಮಕ್ಕಳು ಕಿಸಕ್ಕನೆ ನಕ್ಕರು. ದೊಡ್ಡವರೂ ನಕ್ಕರು. ಯಾರೋ "ಯೆಶಾಯ ಯಾವ ಎಸ್‌ಟಿಗೆ ಬಂದಾನೋ?" ಎಂದರು. ನಕ್ಕವರಲ್ಲಿ ನಾವೂ ಇದ್ದೆವು. ಅಷ್ಟೇ ಅಲ್ಲ, ಕೂತಲ್ಲಿಂದಲೇ ಗಟ್ಟಿಯಾಗಿ ತಿದ್ದಿದೆವು. ಅವನು ಉಳಿದದ್ದನ್ನು ಹೇಗೋ ಓದಿ ಮುಗಿಸಿ ಹಿಂದೆ ಹೋಗಿ ಕೂತ. ಮನೆಗೆ ಬಂದ ಮೇಲೂ ಎರಡು ಸಲ ಆ ಮಾತು ತೆಗೆದು ನಕ್ಕದ್ದು ನೆನಪಿದೆ. ಅವನೂ ನಕ್ಕಿರಬೇಕು ಎಂದುಕೊಂಡಿದ್ದೆವು.

ಆ ವರ್ಷ ಆಗಮನ ಕಾಲದ ಮೊದಲ ಭಾನುವಾರ ಡಿಸೆಂಬರ್ 1ಕ್ಕೆ ಬಂದಿತ್ತು. ಫಾದರ್ ಅಂದು ನಮ್ಮ ಊರಿಗೆ ಬರುವವರಿದ್ದರು. ವಾಚನ ಮಗನೇ ಓದಬೇಕೆಂದು ನಾವೇ ಹೆಸರು ಕೊಟ್ಟೆವು. ಹೋದ ಸಲದ ಮಾನ ಈ ಸಲ ತೊಳೆಯಲಿ ಎಂಬ ಹಟ ನಮ್ಮದು. ಅಂದಿನ ವಾಚನ ಪ್ರವಾದಿ ಯೆರೆಮೀಯನ ಗ್ರಂಥದ್ದು. ಅದೇ ಶಬ್ದ ಮತ್ತೆ ಅವನ ದಾರಿಗೆ ಅಡ್ಡ ನಿಂತಿತ್ತು. ನಮಗೆ ಇದು ಹೊಳೆಯಲೇ ಇಲ್ಲ.

ಭಾನುವಾರ ನಸುಕಿನಲ್ಲಿ ನೀರು ತರುತ್ತೇನೆಂದು ಹೋದವನು ಬರಲಿಲ್ಲ. ಫಾದರ್ ಬಂದರು, ಸ್ವಲ್ಪ ಹೊತ್ತು ಕಾದರು, ಬೇರೊಬ್ಬರು ವಾಚನ ಓದಿದರು. ಬಲಿಪೂಜೆಯಲ್ಲಿ ನಾವು ನಿಂತೆವು, ಕೂತೆವು, ಅಷ್ಟೇ. ಮೊದಲು ಸಿಟ್ಟಿತ್ತು. ಪೂಜೆ ಮುಗಿದರೂ ಅವನು ಬಾರದಿದ್ದಾಗ ಸಿಟ್ಟು ಹೋಗಿ ಹೆದರಿಕೆ ಬಂತು. ಗೆಳೆಯರ ಮನೆಗಳಲ್ಲಿ ಕೇಳಿದೆವು. ಬಸ್ ನಿಲ್ದಾಣಕ್ಕೆ ಹೋದೆವು. ಫೋನು ಮಾಡೋಣವೆಂದರೆ ಅದು ನಮ್ಮದೇ ಟ್ರಂಕಿನಲ್ಲಿ ಬೀಗದೊಳಗಿತ್ತು. ಊರ ಹೊರಗಿನ ಬಾವಿಗೂ ಹೋಗಿ ಇಣುಕಿದೆವು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಆ ಹೊತ್ತಿಗೇ ಛಟ್ಟಿ ಅಮಾವಾಸ್ಯೆ. ನಮ್ಮ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ದಿನಗಟ್ಟಲೆ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಊರಿನವರು ನೀರು, ಮಜ್ಜಿಗೆ, ಚಹಾ ಇಟ್ಟುಕೊಂಡು ನಿಲ್ಲುವುದು ವಾಡಿಕೆ. ಆ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಒಂದು ಡ್ರಮ್ಮು, ನಾಲ್ಕು ಕೊಡ, ಅವನ ತರಗತಿಯ ಐದಾರು ಹುಡುಗರು. ನಡುವೆ ನಮ್ಮ ಮಗ. ಪಾದದಲ್ಲಿ ಬೊಬ್ಬೆ ಎದ್ದ ಒಬ್ಬ ಮುದುಕಿಯ ಕಾಲಿಗೆ ಚೊಂಬಿನಿಂದ ನಿಧಾನವಾಗಿ ನೀರು ಸುರಿಯುತ್ತಿದ್ದ. ಸುರಿಯುತ್ತಲೇ ಆಕೆಯ ಊರು ಕೇರಿ ವಿಚಾರಿಸುತ್ತಿದ್ದ. ತಡವರಿಕೆಯಿಲ್ಲದ, ತುಂಬಿದ ಕನ್ನಡ ಅವನದು.

ನಮ್ಮಲ್ಲೊಬ್ಬರ ಕೈ ಎದ್ದಿತು. ಎಲ್ಲರೆದುರಿಗೇ ಅವನ ಕೆನ್ನೆಗೆ ಬಿತ್ತು. ಯಾರ ಕೈ ಎಂದು ಕೇಳಬೇಡಿ, ಇನ್ನೊಬ್ಬರ ಕೈಯೂ ಎದ್ದೇ ಇತ್ತು. ಆ ಮುದುಕಿ ನಮ್ಮನ್ನು ನೋಡಿ, "ನೀರ ಕೊಡೋ ಹುಡುಗನ್ನ ಯಾಕ ಹೊಡೀತೀರಿ ಯವ್ವಾ?" ಎಂದಳು. ನಮ್ಮ ಬಳಿ ಉತ್ತರ ಇರಲಿಲ್ಲ.

ಮೂರು ದಿನ ಅವನು ಮಾತಾಡಲಿಲ್ಲ. ಮಗ ದಾರಿ ತಪ್ಪಿದ, ವಿಶ್ವಾಸ ಬಿಟ್ಟ, ಬಲಿಪೂಜೆ ಬಿಟ್ಟು ಜಾತ್ರೆಗೆ ಹೋದ ಎಂದು ನಾವು ಒಳಗೊಳಗೇ ತೀರ್ಪು ಬರೆದು ಮುಗಿಸಿದ್ದೆವು. ಮೂರನೆಯ ರಾತ್ರಿ ತಾಟಿನ ಮುಂದೆ ಕೂತವನು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದ: "ನನಗ ಓದಾಕ ಬರೂದಿಲ್ಲ. ಅವತ್ತ ಎಲ್ಲಾರೂ ನಕ್ರು. ನೀವೂ ನಕ್ರಿ." ಸ್ವಲ್ಪ ಹೊತ್ತು ಬಿಟ್ಟು, "ದೇವ್ರ ಮ್ಯಾಲ ನನಗೇನ ಸಿಟ್ಟಿಲ್ಲ" ಎಂದ.

ಅಂದು ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದನ್ನು ಎಷ್ಟು ಸಾವಿರ ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟರು. ತಂದೆತಾಯಿಗಳು ಒಂದು ದಿನದ ದಾರಿ ನಡೆದ ಮೇಲೆ ಮಗ ಜೊತೆಯಲ್ಲಿಲ್ಲ ಎಂದು ತಿಳಿಯಿತು. ಮೂರನೆಯ ದಿನ ಸಿಕ್ಕಾಗ ತಾಯಿ ತನ್ನ ನೋವನ್ನು ಹೇಳಿಕೊಂಡಳು, ಮಗ ಉತ್ತರ ಕೊಟ್ಟ, ಅದು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಸಂತ ಲೂಕ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಪವಿತ್ರ ಕುಟುಂಬಕ್ಕೂ ಹೀಗಾಯಿತಲ್ಲ ಎಂಬ ಸಮಾಧಾನಕ್ಕೆ ಈ ಭಾಗವನ್ನು ಓದುವುದುಂಟು. ಆದರೆ ಅಂದು ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಅರ್ಥವಾಗದಿದ್ದರೂ ಆ ತಾಯಿ ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು. ನಾವು ಕೇಳುವ ಮೊದಲೇ ಹೊಡೆದೆವು.

2016ರಲ್ಲಿ ಪೋಪ್ ಫ್ರಾನ್ಸಿಸರು ಕುಟುಂಬದ ಪ್ರೀತಿಯ ಕುರಿತು ಬರೆದ ಪ್ರೇರಿತ ಪತ್ರದಲ್ಲಿ ತಂದೆತಾಯಿಗಳಿಗೆ ಒಂದು ಎಚ್ಚರಿಕೆ ಇದೆ. ಮಗ ಈಗ ಎಲ್ಲಿದ್ದಾನೆ, ಯಾರೊಂದಿಗಿದ್ದಾನೆ ಎಂದು ಪತ್ತೆ ಹಚ್ಚುತ್ತಲೇ ಇರುವುದು ದೊಡ್ಡದಲ್ಲ, ಅವನ ಮನಸ್ಸು ಎಲ್ಲಿದೆ, ಏನನ್ನು ಬಯಸುತ್ತಿದೆ ಎಂಬುದನ್ನು ಅರಿಯುವುದು ದೊಡ್ಡದು ಎನ್ನುವ ಭಾವ ಅಲ್ಲಿದೆ. ಹಿಂದೆ ಒಂದು ಧ್ಯಾನಕೂಟದಲ್ಲಿ ಇದನ್ನು ಕೇಳಿ ತಲೆದೂಗಿದ್ದೆವು. ಊಟ ಮಾಡಿ ಮರೆತಿದ್ದೆವು.

ಮುಂದಿನ ಭಾನುವಾರ ಡಿಸೆಂಬರ್ 8, ಸಿಸ್ಟರ್ ಬಂದರು. ನಾವು ಆದದ್ದನ್ನು ಹೇಳಿಕೊಂಡು ಅತ್ತೆವು. ಅವರು ಬುದ್ಧಿ ಹೇಳುತ್ತಾರೆಂದು ಕಾದರೆ ಒಂದು ಕಥೆ ಹೇಳಿದರು. 1841ರ ಡಿಸೆಂಬರ್ 8. ಇಟಲಿಯ ಟ್ಯುರಿನ್ ನಗರದಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿಯವರ ದೇವಾಲಯ. ಚಳಿಗೆ ಒಳಗೆ ಬಂದ ಹದಿನಾರರ ಹುಡುಗನೊಬ್ಬನನ್ನು ಪೂಜೆಗೆ ಸಹಾಯ ಮಾಡು ಎಂದ ದೇವಾಲಯದ ಸೇವಕ, ಅವನಿಗೆ ಅದು ಬರುವುದಿಲ್ಲವೆಂದು ತಿಳಿದು ಹೊಡೆದು ಓಡಿಸಿದ. ಪೂಜೆಗೆ ಸಿದ್ಧರಾಗುತ್ತಿದ್ದ ಯುವ ಗುರುಗಳು ಅವನನ್ನು ಮರಳಿ ಕರೆಸಿದರು. ಪೂಜೆಯಾದ ಮೇಲೆ ವಿಚಾರಿಸಿದರು. ತಂದೆ ಇಲ್ಲ, ತಾಯಿ ಇಲ್ಲ. ಓದು ಬರುವುದಿಲ್ಲ, ಬರಹ ಬರುವುದಿಲ್ಲ, ಹಾಡು ಬರುವುದಿಲ್ಲ. ಕೊನೆಗೆ, ಸಿಳ್ಳೆ ಹೊಡೆಯಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ನಕ್ಕ. ಆ ಗುರುಗಳೇ ಡಾನ್ ಬಾಸ್ಕೊ, ಹುಡುಗನ ಹೆಸರು ಬಾರ್ತೊಲೊಮೆಯೊ ಗರೆಲ್ಲಿ. ಸಲೇಷಿಯನ್ ಸಭೆಯವರು ತಮ್ಮ ಯುವಸೇವೆಯ ಮೊದಲ ದಿನ ಅದೇ ಎಂದು ನೆನೆಯುತ್ತಾರೆ.

ಕಥೆ ಮುಗಿಸಿ ಸಿಸ್ಟರ್ ಮಗನ ಕಡೆ ತಿರುಗಿ, "ನಿನಗ ಯಾವ ಅಕ್ಷರ ಚಲೋ ಬರ್ತಾವ?" ಎಂದರು. ಮರಾಠಿಯವು ಎಂದ. "ಹಂಗಾರ ಅದರಾಗ ಬರಕೋ."

ಇಷ್ಟು ಸುಲಭದ ದಾರಿ ಹದಿನೈದು ವರ್ಷದ ಅನುಭವವಿದ್ದ ಮಾಸ್ತರಿಕೆಗೆ ಹೊಳೆದಿರಲಿಲ್ಲ. ಅಂದು ಸಂಜೆಯೇ ನಮ್ಮಲ್ಲೊಬ್ಬರು ಕನ್ನಡ ವಾಚನವನ್ನು ಬಿಡಿಸಿ ಬಿಡಿಸಿ ಹೇಳುತ್ತ ಹೋದೆವು. ಅವನು ನೂರು ಪುಟದ ನೋಟುಪುಸ್ತಕದಲ್ಲಿ ಅದೇ ಕನ್ನಡ ಮಾತುಗಳನ್ನು ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡ. ಬರೆಯುವಾಗ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳತೊಡಗಿದ. ಈ ಮಾತಿನ ಅರ್ಥವೇನು, ಇದನ್ನು ಯಾರು ಯಾರಿಗೆ ಹೇಳಿದ್ದು, ಇವರಿಗೆ ಹೆದರಿಕೆಯಾಗಲಿಲ್ಲವೇ. ಎಷ್ಟೋ ಪ್ರಶ್ನೆಗೆ ನಮಗೇ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮಗನ ಮುಂದೆ ಹೇಳಿದ್ದು ಅದೇ ಮೊದಲು. ಅವನು ಅದನ್ನು ಬಹಳ ಚೆನ್ನಾಗಿ ತೆಗೆದುಕೊಂಡ.

ಡಿಸೆಂಬರ್ 29 ಪವಿತ್ರ ಕುಟುಂಬದ ಹಬ್ಬ. ಅಂದೇ ಎಲ್ಲ ಧರ್ಮಪ್ರಾಂತ್ಯಗಳಲ್ಲೂ 2025ರ ಜೂಬಿಲಿ ವರ್ಷದ ಆರಂಭ, ಆದ್ದರಿಂದ ಫಾದರ್ ಬೆಳಕು ಹರಿಯುವ ಮೊದಲೇ ಬಂದು ಬೇಗ ಹೊರಡುವವರಿದ್ದರು. ಆ ವರ್ಷದ ಶುಭಸಂದೇಶ ಬಾಲಯೇಸು ಕಳೆದು ಸಿಕ್ಕ ಅದೇ ಭಾಗ. ಮೊದಲ ವಾಚನ ಸಮುವೇಲನ ಮೊದಲನೆಯ ಗ್ರಂಥದ್ದು. ಹರಕೆ ಹೊತ್ತು ಪಡೆದ ಮಗನನ್ನು ಹನ್ನಳು ದೇವರ ಮನೆಗೆ ಒಪ್ಪಿಸಿ ಬರುವ ಪ್ರಸಂಗ. ಮಗ ನೋಟುಪುಸ್ತಕ ಹಿಡಿದು ನಿಂತ. ಪಡಸಾಲೆಯ ದೀಪದ ಬೆಳಕಿನಲ್ಲಿ ಒಂದೂ ತಪ್ಪಿಲ್ಲದೆ ಓದಿದ ಎಂದೇನೂ ಇಲ್ಲ, ಎರಡು ಕಡೆ ಎಡವಿದ. ಯಾರೂ ನಗಲಿಲ್ಲ. ನಾವು ತಿದ್ದಲಿಲ್ಲ. ಬಲಿಪೂಜೆಗೆ ಮುಂಚೆ ನಾವು ಒಂದು ಕೆಲಸ ಮಾಡಿದ್ದೆವು. ಎಲ್ಲರೆದುರು ಹೊಡೆದದ್ದಕ್ಕೆ ಎಲ್ಲರೆದುರೇ ಅವನ ಕ್ಷಮೆ ಕೇಳಿದ್ದೆವು. ಅವನಿಗೆ ಅದು ಮುಜುಗರವಾಯಿತು. "ಸಾಕ ಬಿಡ್ರಿ" ಎಂದ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇವೆ. ಸಿಸ್ಟರ್ ಸಲಹೆಯಂತೆ ಆಸುಪಾಸಿನ ನಾಲ್ಕು ಮನೆಗಳ ಏಳು ಮಕ್ಕಳು ಶನಿವಾರ ಸಂಜೆ ನಮ್ಮ ಕಟ್ಟೆಯ ಮೇಲೆ ಸೇರುತ್ತಾರೆ. ನಮ್ಮ ಕೆಲಸ ಚುರುಮುರಿ ಕೊಟ್ಟು ಒಳಗೆ ಹೋಗುವುದು. ಒಳಗೆ ಹೋಗುವುದೇ ಕಷ್ಟದ ಭಾಗ. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡಿನ್ ಎಂಬ ಗುರುಗಳು ದುಡಿಯುವ ಯುವಕರಿಗೆ ಕಲಿಸಿದ ಮೂರು ಹೆಜ್ಜೆಗಳನ್ನು ಸಿಸ್ಟರ್ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಮೊದಲು ಸುತ್ತಲಿನದನ್ನು ನೋಡುವುದು, ಆಮೇಲೆ ಶುಭಸಂದೇಶದ ಬೆಳಕಿನಲ್ಲಿ ವಿವೇಚಿಸುವುದು, ಆಮೇಲೆ ಕೈಲಾದದ್ದನ್ನು ಮಾಡುವುದು. ಇವರು ನೋಡಿದ್ದೇನು? ತಮ್ಮ ತರಗತಿಯ ಖಾಲಿ ಬೆಂಚುಗಳನ್ನು. ದೀಪಾವಳಿಯ ಹೊತ್ತಿಗೆ ನಮ್ಮ ತಾಲೂಕಿನ ಎಷ್ಟೋ ಕುಟುಂಬಗಳು ಮುಕಾದಮನಿಂದ ಉಚಲ ತೆಗೆದುಕೊಂಡು ಕಬ್ಬು ಕಡಿಯಲು ಹೊರಡುತ್ತವೆ. ಕಾರ್ಖಾನೆಯ ಹಂಗಾಮು ಮುಗಿಯುವವರೆಗೆ ಮಕ್ಕಳೂ ಅಲ್ಲೇ, ಹೊಲದ ಬದಿಯ ಕೊಪ್ಪಿಯಲ್ಲಿ. ನಮ್ಮ ಏಳು ಮಕ್ಕಳಲ್ಲಿ ಒಬ್ಬ ಹುಡುಗಿಯೂ ತಂದೆತಾಯಿಯೊಂದಿಗೆ ಹಾಗೆ ಹೋದಳು. ಉಳಿದವರು ದಿನದ ಪಾಠದ ಫೋಟೊ ತೆಗೆದು ಅವಳಿಗೂ, ಅದೇ ಟೋಳಿಯಲ್ಲಿದ್ದ ಬೇರೆ ಮೂವರು ಸಹಪಾಠಿಗಳಿಗೂ ವಾಟ್ಸಾಪಿನಲ್ಲಿ ಕಳಿಸಿದರು. ಕಳಿಸಿದ್ದು ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದ ಆ ಮೊಬೈಲಿನಿಂದಲೇ. ಹುಡುಗಿ ಮರಳಿ ಬಂದು ಪರೀಕ್ಷೆ ಬರೆದಳು. ಆ ಮೂವರಲ್ಲಿ ಒಬ್ಬ ಬರೆಯಲಿಲ್ಲ, ಶಾಲೆ ಬಿಟ್ಟ. ಅದರ ದುಃಖ ಮಕ್ಕಳಲ್ಲಿ ಇನ್ನೂ ಇದೆ.

2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೊ ಅವರು ಕಾರ್ಲೊ ಅಕ್ಯುಟಿಸನನ್ನು ಸಂತನೆಂದು ಘೋಷಿಸಿದಾಗ ಮಕ್ಕಳೆಲ್ಲ ಅದನ್ನು ಮೊಬೈಲಿನಲ್ಲಿ ನೋಡಿದರು. ಹದಿನೈದನೇ ವಯಸ್ಸಿನಲ್ಲಿ, 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ, ಕಂಪ್ಯೂಟರ್ ಬಲ್ಲವನು ಎಂಬುದು ಅವರಿಗೆ ಹಿಡಿಸಿತು. ನಮಗೆ ತಾಕಿದ್ದು ಅವನ ತಾಯಿ ಹೇಳಿಕೊಂಡ ಮಾತು. ಆಕೆ ಹೆಚ್ಚಾಗಿ ಬಲಿಪೂಜೆಗೆ ಹೋಗುತ್ತಿರಲಿಲ್ಲವಂತೆ, ಮಗನೇ ಆಕೆಯನ್ನು ಮರಳಿ ಕರೆತಂದನಂತೆ. ತಂದೆತಾಯಿಗಳೇ ಮಕ್ಕಳ ಮೊದಲ ಗುರುಗಳೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ನಾವೂ ಆ ಮಾತನ್ನು ಬಹಳ ಸಲ ಹೇಳಿದ್ದೇವೆ, ಹೆಚ್ಚಾಗಿ ಮಕ್ಕಳ ಬಾಯಿ ಮುಚ್ಚಿಸಲು.

ಈಗ ಅವನಿಗೆ ಹದಿನಾರು. ಜಪಸರಕ್ಕೆ ವಾರದಲ್ಲಿ ಮೂರ್ನಾಲ್ಕು ದಿನ ಬರುತ್ತಾನೆ. ಕೆಲವು ದಿನ ಎರಡು ರಹಸ್ಯ ಮುಗಿಯುವಷ್ಟರಲ್ಲಿ ಎದ್ದು ಹೋಗುತ್ತಾನೆ, ನಾವು ಮುಂದುವರಿಸುತ್ತೇವೆ. ಛಟ್ಟಿ ಅಮಾವಾಸ್ಯೆಗೆ ಈಗಲೂ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ. ಹೋದ ಸಲ ನಾವೂ ಒಂದು ಕೊಡ ಮಜ್ಜಿಗೆ ಹೊತ್ತುಕೊಂಡು ಹೋದೆವು. ಆ ಮುದುಕಿ ಮತ್ತೆ ಬಂದಾಳೇ ಎಂದು ದಾರಿ ನೋಡಿದೆವು, ಕಾಣಲಿಲ್ಲ. ಭಾನುವಾರ ಸಂಜೆ ಕನ್ನಡ ಅಕ್ಷರದ ಪಾಠ ನಡೆದಿದೆ. ಒತ್ತಕ್ಷರ ಇನ್ನೂ ಅವನಿಗೆ ಕಾಟ ಕೊಡುತ್ತವೆ.

ಈ ಬರಹವನ್ನು ಫಾದರ್ ಅವರಿಗೆ ಕೊಡುವ ಮೊದಲು ಅವನ ಕೈಗೆ ಕೊಟ್ಟೆವು. ಇದು ಅವನ ವಿಷಯವೂ ಹೌದಲ್ಲ. ಓದಲು ಮೂರು ದಿನ ತೆಗೆದುಕೊಂಡ. ಎರಡು ಕಡೆ ಪೆನ್ಸಿಲಿನಿಂದ ಗೆರೆ ಎಳೆದು, "ಇವು ಬ್ಯಾಡ" ಎಂದ. ಅವೆರಡನ್ನೂ ತೆಗೆದಿದ್ದೇವೆ.